ಕಾಯಕಕ್ಕೂ ಕ್ಯಾಲ್ವಿನ್ನರ ಪೂರ್ವನಿಯತಿಗೂ ಎಲ್ಲಿಯ ಸಂಬಂಧ?

ಬಸವ ಜಯಂತಿ ಬಂತೆಂದರೆ ನಮ್ಮ ವೇದಿಕೆಗಳಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಬಸವಣ್ಣನವರು ಕರ್ನಾಟಕದ ಮಾರ್ಟಿನ್ ಲೂಥರ್ ಎಂಬುದು ಒಂದು. ಯುರೋಪಿನ ಪ್ರಾಟೆಸ್ಟಂಟರು ಕಂಡುಕೊಂಡ ದುಡಿಮೆಯ ಧರ್ಮವನ್ನು ನಮ್ಮ ಶರಣರು ನಾಲ್ಕು ನೂರು ವರ್ಷ ಮೊದಲೇ ಕಾಯಕವೆಂದು ಸಾರಿದರು ಎಂಬುದು ಇನ್ನೊಂದು. ಹೇಳುವವರ ಉದ್ದೇಶ ಒಳ್ಳೆಯದೇ. ಹೊರಗಿನವರಿಗೆ ನಮ್ಮ ಧರ್ಮದ ಪರಿಚಯ ಮಾಡಿಕೊಡಲು ಅವರಿಗೆ ಗೊತ್ತಿರುವ ಹೆಸರೊಂದು ಬೇಕಾಗುತ್ತದೆ. ಆದರೆ ಹೋಲಿಕೆಯೆಂಬುದು ಎರಡು ಗೋಡೆಗಳ ಮೇಲೆ ಕೂರುವ ತೊಲೆ. ಆಚೆಯ ಗೋಡೆಯ ಪಾಯ ಎಂಥದ್ದೆಂದು ನೋಡದೆ ತೊಲೆ ಇಡಬಾರದು. ಲೂಥರ್ ಮತ್ತು ಕ್ಯಾಲ್ವಿನ್ ಕಟ್ಟಿದ ಮನೆಯ ಪಾಯದಲ್ಲಿ ಪೂರ್ವನಿಯತಿಯ ತತ್ವವಿದೆ. ಯಾರು ಉದ್ಧಾರವಾಗಬೇಕು ಎಂಬುದನ್ನು ಜಗತ್ತು ಹುಟ್ಟುವ ಮೊದಲೇ ದೇವರು ತೀರ್ಮಾನಿಸಿದ್ದಾನೆ, ಮನುಷ್ಯನ ಇಚ್ಛೆಗೂ ನಡತೆಗೂ ಆ ತೀರ್ಮಾನದಲ್ಲಿ ಪಾಲಿಲ್ಲ ಎಂಬುದು ಅದರ ಸಾರ. ಈ ಪಾಯದ ಮೇಲೆ ಕಾಯಕವನ್ನು ತಂದು ನಿಲ್ಲಿಸಿದರೆ ಅದು ಕಾಯಕವಾಗಿ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕ್ರೈಸ್ತರೆಲ್ಲರೂ ಇದನ್ನು ಒಪ್ಪುತ್ತಾರೆಂದು ತಿಳಿಯಬಾರದು. ಕಥೋಲಿಕರು, ಪೂರ್ವದೇಶದ ಆರ್ಥೊಡಾಕ್ಸ್ ಸಭೆಗಳು, ಮೆಥಡಿಸ್ಟರು ಕ್ಯಾಲ್ವಿನ್ನರ ಅರ್ಥದಲ್ಲಿ ಇದನ್ನು ಒಪ್ಪಿದವರಲ್ಲ. ಮೈಸೂರು ಸೀಮೆಯಲ್ಲಿ ಶಾಲೆ, ಅಚ್ಚುಕೂಟ ನಡೆಸಿದ ವೆಸ್ಲಿಯನ್ ಮಿಷನ್ನಿನ ಹೆಸರು ನಮ್ಮ ಹಿರಿಯರಿಗೆಲ್ಲ ಗೊತ್ತು. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿಯೇ ಪೂರ್ವನಿಯತಿಯ ವಿರುದ್ಧ ಕಟುವಾದ ಪ್ರವಚನ ಮಾಡಿ ಅದನ್ನು ಅಚ್ಚುಹಾಕಿಸಿದರು. ಆ ಕಾರಣಕ್ಕೆ ಅವರಿಗೂ ಅವರ ಗೆಳೆಯ ಜಾರ್ಜ್ ವೈಟ್‌ಫೀಲ್ಡರಿಗೂ ಬಿರುಕು ಬಿಟ್ಟಿತು. ಅಂದರೆ ಇದು ಅವರ ಮನೆಯೊಳಗೇ ಸಾವಿರದ ಆರು ನೂರು ವರ್ಷಗಳಿಂದ ನಡೆದಿರುವ ವಾದ. ಅನ್ಯಧರ್ಮವನ್ನು ಹಳಿಯಲು ನಾನಿದನ್ನು ಬರೆಯುತ್ತಿಲ್ಲ. ಇದೇ ಪ್ರಶ್ನೆ ಬೇರೆ ವೇಷ ಹಾಕಿಕೊಂಡು ನಮ್ಮ ಪಡಸಾಲೆಯಲ್ಲೂ ಕುಳಿತಿದೆ.

ವಾದ ಶುರುವಾದದ್ದು ಐದನೆಯ ಶತಮಾನದ ಆರಂಭದಲ್ಲಿ. ಬ್ರಿಟನ್ನಿನಿಂದ ಬಂದು ರೋಮಿನಲ್ಲಿ ನೆಲೆಸಿದ್ದ ಪೆಲಾಜಿಯಸ್ ಎಂಬ ಸಾಧಕರು ಅಲ್ಲಿನ ಉಳ್ಳವರ ಸಡಿಲ ನಡತೆಯನ್ನು ಕಂಡು ಬೇಸತ್ತಿದ್ದರು. ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ, ಅಂದರೆ ಇಂದಿನ ಅಲ್ಜೀರಿಯದ ಅನ್ನಾಬಾದ, ಬಿಷಪ್ ಆಗಸ್ಟೀನರು ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಾರ್ಥನೆ ಬರೆದಿದ್ದರು. ದೇವರ ಆಜ್ಞೆಯನ್ನು ಪಾಲಿಸುವ ಶಕ್ತಿಯೂ ದೇವರಿಂದಲೇ ಬರಬೇಕು ಎಂಬುದು ಅದರ ಭಾವ. ಅದನ್ನು ಯಾರೋ ಓದಿದಾಗ ಪೆಲಾಜಿಯಸ್ ಸಿಟ್ಟಾದರು. ದೇವರೇ ಶಕ್ತಿ ಕೊಡುವವರೆಗೆ ಕಾಯುತ್ತೇನೆ ಎಂದರೆ ದುರ್ನಡತೆಗೆ ಅದಕ್ಕಿಂತ ಒಳ್ಳೆಯ ನೆವ ಉಂಟೆ? ದೇವರು ಆಜ್ಞೆ ಮಾಡಿದ್ದಾನೆಂದರೆ ಪಾಲಿಸುವ ಸಾಮರ್ಥ್ಯವನ್ನೂ ಕೊಟ್ಟೇ ಹುಟ್ಟಿಸಿದ್ದಾನೆ ಎಂಬುದು ಅವರ ವಾದ. ಆಗಸ್ಟೀನರ ಅನುಭವ ಬೇರೆ. ವರ್ಷಗಟ್ಟಲೆ ತಮ್ಮ ಮನಸ್ಸನ್ನು ತಾವೇ ಗೆಲ್ಲಲಾಗದೆ ಒದ್ದಾಡಿದವರು ಅವರು. ಮನುಷ್ಯ ಹುಟ್ಟುವಾಗಲೇ ಆದಾಮನ ಪಾಪದ ಭಾರ ಹೊತ್ತು ಬರುತ್ತಾನೆ, ಅವನ ಇಚ್ಛೆಯೇ ರೋಗಗ್ರಸ್ತ, ದೇವರ ಕೃಪೆ ಮೊದಲು ಬಂದು ಮುಟ್ಟದೆ ಒಳ್ಳೆಯದನ್ನು ಬಯಸಲೂ ಆರ ಎಂದರು. 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಸಭೆ ಆಗಸ್ಟೀನರ ಪಕ್ಷ ಹಿಡಿಯಿತು, ಪೆಲಾಜಿಯಸ್ ಅವರ ಬೋಧನೆ ಬಹಿಷ್ಕಾರಕ್ಕೆ ಒಳಗಾಯಿತು.

ಆಗಸ್ಟೀನರ ತರ್ಕದ ಕೊನೆ ಎಲ್ಲಿಗೆ ಮುಟ್ಟಿತೆಂಬುದನ್ನು ನೋಡಬೇಕು. ದೀಕ್ಷಾಸ್ನಾನವಾಗದೆ ಸತ್ತ ಹಸುಗೂಸಿನ ಗತಿಯೇನು ಎಂದು ಕೇಳಿದರೆ, ಶಿಕ್ಷೆ ಅತ್ಯಂತ ಸೌಮ್ಯವಾದದ್ದು, ಆದರೂ ಶಿಕ್ಷೆಯೇ ಎಂದು ಅವರು ಹೇಳಬೇಕಾಯಿತು. ಇಟಲಿಯ ಎಕ್ಲಾನಂ ಎಂಬಲ್ಲಿನ ಬಿಷಪ್ ಜೂಲಿಯನ್ ಇದಕ್ಕೆ ಸಿಡಿದೆದ್ದು, ಕೂಸನ್ನು ದಂಡಿಸುವ ದೇವರನ್ನು ನ್ಯಾಯವಂತನೆಂದು ಕರೆಯುವುದು ಹೇಗೆಂದು ಕೇಳಿದರು. ಅವರೂ ಪದಚ್ಯುತರಾದರು. ಮನೆಯಲ್ಲಿ ಕೂಸು ತೀರಿಕೊಂಡಾಗ ತಾಯಿಯ ಎದುರು ಹೇಳಲಾಗದ ಮಾತನ್ನು ಯಾವ ಸಿದ್ಧಾಂತವೂ ಪುಸ್ತಕದಲ್ಲಿ ಬರೆದಿಡಬಾರದು ಎಂದು ನನಗನ್ನಿಸುತ್ತದೆ.

ಸಾವಿರ ವರ್ಷ ದಾಟಿ ಲೂಥರರ ಕಾಲಕ್ಕೆ ಬರೋಣ. 1517ರಲ್ಲಿ ಅವರು ಎತ್ತಿದ ಪ್ರಶ್ನೆ ನಮಗೆ ತೀರ ಹತ್ತಿರದ್ದು. ಪಾಪಕ್ಷಮಾಪತ್ರವೆಂಬ ಚೀಟಿಯನ್ನು ಹಣಕ್ಕೆ ಮಾರಲಾಗುತ್ತಿತ್ತು. ಪುಣ್ಯವನ್ನು ಕೊಳ್ಳಬಹುದು, ಪುರೋಹಿತನ ಕೈಯಲ್ಲಿ ಅದರ ಉಗ್ರಾಣವಿದೆ ಎಂಬ ಕಲ್ಪನೆಯ ಮೇಲೆ ಆ ವ್ಯಾಪಾರ ನಿಂತಿತ್ತು. ಅದನ್ನು ಮುರಿಯಲು ಲೂಥರ್ ಹಿಡಿದ ಹತಾರವೇ ಆಗಸ್ಟೀನರ ಕೃಪೆ. ಉದ್ಧಾರ ಪೂರ್ತಿ ದೇವರ ಕೊಡುಗೆಯೆಂದಾದರೆ ಮಾರುವವನ ಅಂಗಡಿ ತಾನಾಗಿ ಮುಚ್ಚುತ್ತದೆ. ಇಲ್ಲಿಯವರೆಗೆ ಬಸವಣ್ಣನವರ ಜೊತೆ ಅವರ ಹೋಲಿಕೆ ನ್ಯಾಯವಾದದ್ದೇ. ಭಕ್ತನಿಗೂ ದೇವರಿಗೂ ನಡುವೆ ನಿಂತ ದಲ್ಲಾಳಿಯನ್ನು ಇಬ್ಬರೂ ಪಕ್ಕಕ್ಕೆ ಸರಿಸಿದರು.

ಆದರೆ ಲೂಥರ್ ಅಲ್ಲಿಗೆ ನಿಲ್ಲಲಿಲ್ಲ. ರಾಟರ್‌ಡ್ಯಾಮಿನ ಎರಾಸ್ಮಸ್ ಎಂಬ ಮಹಾವಿದ್ವಾಂಸರು 1524ರಲ್ಲಿ ಮನುಷ್ಯನಿಗೆ ಸ್ವಲ್ಪವಾದರೂ ಸ್ವತಂತ್ರ ಇಚ್ಛೆ ಇದೆ, ಇಲ್ಲದಿದ್ದರೆ ಧರ್ಮಗ್ರಂಥದಲ್ಲಿ ಆಜ್ಞೆಗಳೇಕೆ ಎಂದು ಒಂದು ಪುಸ್ತಕ ಬರೆದರು. ಮರುವರ್ಷವೇ ಲೂಥರರ ಉತ್ತರ ಬಂತು. ಮನುಷ್ಯನ ಇಚ್ಛೆ ಸವಾರಿಯ ಪ್ರಾಣಿಯಂತೆ, ದೇವರು ಹತ್ತಿದರೆ ದೇವರ ಕಡೆ, ಸೈತಾನ ಹತ್ತಿದರೆ ಅವನ ಕಡೆ ಹೋಗುತ್ತದೆ, ಸವಾರನನ್ನು ಆರಿಸುವ ಹಕ್ಕು ಪ್ರಾಣಿಗಿಲ್ಲ ಎಂಬುದು ಅವರ ನಿಲುವು. ಪುರೋಹಿತನನ್ನು ಕೆಳಗಿಳಿಸುವ ಭರದಲ್ಲಿ ಮನುಷ್ಯನನ್ನೂ ಕೆಳಗಿಳಿಸಿದ್ದಾಯಿತು.

ಇಲ್ಲಿ ನಮ್ಮ ಓದುಗರು ಒಂದು ಸಮಾಧಾನ ಹೇಳಬಹುದು: ದೇವರಿಗೆ ಎಲ್ಲವೂ ಮೊದಲೇ ಗೊತ್ತು ಎಂದ ಮಾತ್ರಕ್ಕೆ ಅವನೇ ಮಾಡಿಸುತ್ತಾನೆ ಎಂದಾಗುವುದಿಲ್ಲವಲ್ಲ? ಹಳೆಯ ಕ್ರೈಸ್ತ ಚಿಂತಕರೂ ಹೀಗೆ ವಾದಿಸಿದ್ದರು. ನಾನು ಬಲ್ಲ ಭಾಷೆಯಲ್ಲಿ ಹೇಳುವುದಾದರೆ, ಹೊಳೆಯ ಮಟ್ಟ ಅಳೆಯುವ ಗೇಜ್ ನೋಡಿ ನಾಳೆ ಪ್ರವಾಹ ಬರುತ್ತದೆಂದು ಹೇಳುವ ಎಂಜಿನಿಯರ್ ಪ್ರವಾಹವನ್ನು ತರುವುದಿಲ್ಲ. ಮಾತು ಸರಿ. ಆದರೆ ಅದೇ ಎಂಜಿನಿಯರ್ ಅಣೆಕಟ್ಟೆಯ ಗೇಟುಗಳನ್ನೂ ತನ್ನ ಕೈಯಲ್ಲಿಟ್ಟುಕೊಂಡಿದ್ದರೆ, ನಾನು ಬರೀ ಗೇಜ್ ನೋಡಿದೆ ಎನ್ನುವ ಉತ್ತರ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಜಿನೀವಾದ ಜಾನ್ ಕ್ಯಾಲ್ವಿನ್ ಈ ನೆವವನ್ನು ತಾವೇ ತಳ್ಳಿಹಾಕಿದರು. ದೇವರು ಬರಿಯ ನೋಡುಗನಲ್ಲ, ಅವನು ಸಂಕಲ್ಪಿಸಿಯೇ ಕೆಲವರನ್ನು ಆರಿಸಿದ್ದಾನೆ, ಉಳಿದವರನ್ನು ತಳ್ಳಿದ್ದಾನೆ ಎಂದು ನೇರವಾಗಿ ಬರೆದರು. ತಮ್ಮ ದೊಡ್ಡ ಗ್ರಂಥದ 1559ರ ಕೊನೆಯ ಆವೃತ್ತಿಯಲ್ಲಿ ಆ ಸಂಕಲ್ಪ ಭಯಂಕರವಾದದ್ದೆಂದು ಅವರೇ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆಗೆ ಅವರನ್ನು ಮೆಚ್ಚಬೇಕು. ಆದರೆ 1551ರಲ್ಲಿ ಜೆರೋಮ್ ಬೋಲ್ಸೆಕ್ ಎಂಬ ವೈದ್ಯರು ಇಂಥ ದೇವರು ಸರ್ವಾಧಿಕಾರಿಯಾಗುತ್ತಾನೆ ಎಂದು ಬಹಿರಂಗವಾಗಿ ಎದ್ದು ಹೇಳಿದಾಗ ಜಿನೀವಾ ಅವರನ್ನು ಗಡೀಪಾರು ಮಾಡಿತು.

ಇಷ್ಟು ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬೇಕು. ಪೆಲಾಜಿಯಸ್, ಜೂಲಿಯನ್, ಬೋಲ್ಸೆಕ್, ಮೂವರಲ್ಲಿ ಯಾರನ್ನೂ ವಾದದಿಂದಷ್ಟೇ ಸೋಲಿಸಲಿಲ್ಲ. ಇದರ ದೊಡ್ಡ ಉದಾಹರಣೆ ಹಾಲೆಂಡಿನದು. ಲೈಡನ್ ವಿಶ್ವವಿದ್ಯಾಲಯದಲ್ಲಿ 1603ರಿಂದ ಪ್ರಾಧ್ಯಾಪಕರಾಗಿದ್ದ ಯಾಕೋಬ್ ಅರ್ಮಿನಿಯಸ್, ದೇವರ ಕೃಪೆಯನ್ನು ಮನುಷ್ಯ ಬೇಡವೆನ್ನಬಲ್ಲ, ಯಾರು ನಂಬುತ್ತಾರೆಂದು ತಿಳಿದು ದೇವರು ಆರಿಸುತ್ತಾನೆ ಎಂದು ಕಲಿಸಿದರು. ಅವರ ಸಹೋದ್ಯೋಗಿ ಗೊಮಾರಸ್ ಕಡು ಕ್ಯಾಲ್ವಿನ್‌ವಾದಿ. ಅರ್ಮಿನಿಯಸ್ 1609ರಲ್ಲಿ ತೀರಿಕೊಂಡರು. ಮರುವರ್ಷ ಅವರ ಅನುಯಾಯಿಗಳು ಐದು ಅಂಶಗಳ ಮನವಿಯೊಂದನ್ನು ಸರ್ಕಾರಕ್ಕೆ ಸಲ್ಲಿಸಿದರು. ಪಾದ್ರಿಗಳ ಕೋಣೆಯ ಚರ್ಚೆ ಬೀದಿಗೆ ಬಂತು, ಬೀದಿಯಿಂದ ಅರಮನೆಗೆ ಹೋಯಿತು. ಸ್ಪೇನಿನೊಡನೆ ಯುದ್ಧ ಬೇಕೆ, ಕದನವಿರಾಮ ಸಾಕೆ ಎಂಬ ರಾಜಕೀಯವೂ ಸೇರಿಕೊಂಡಿತು. ಸೈನ್ಯದ ನಾಯಕ ರಾಜಕುಮಾರ ಮಾರಿಸ್ ಒಂದು ಕಡೆ, ಹಾಲೆಂಡಿನ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನವೆಲ್ಟ್ ಇನ್ನೊಂದು ಕಡೆ.

1618ರ ನವೆಂಬರಿನಲ್ಲಿ ಡೋರ್ಟ್ ಪಟ್ಟಣದಲ್ಲಿ ಸಿನೊಡ್ ಸೇರಿತು. ಬ್ರಿಟನ್, ಜರ್ಮನಿ, ಸ್ವಿಟ್ಜರ್ಲೆಂಡುಗಳಿಂದಲೂ ಪ್ರತಿನಿಧಿಗಳು ಬಂದರು. ಅರ್ಮಿನಿಯಸ್ ಪಕ್ಷದವರನ್ನು ಸಮಾನ ಸದಸ್ಯರೆಂದು ಕೂರಿಸಲಿಲ್ಲ, ಆರೋಪಿಗಳಂತೆ ನಿಲ್ಲಿಸಿ ಜನವರಿಯಲ್ಲಿ ಹೊರಗೆ ಕಳಿಸಲಾಯಿತು. ಟೆಂಡರ್ ತೆರೆಯುವ ಮೊದಲೇ ಗುತ್ತಿಗೆ ಯಾರಿಗೆಂದು ಗೊತ್ತಿರುವ ಸನ್ನಿವೇಶ ಸರ್ಕಾರಿ ನೌಕರಿ ಮಾಡಿದವರಿಗೆ ಹೊಸದಲ್ಲ. ಪೂರ್ವನಿಯತಿಯ ಮೇಲಿನ ಸಭೆಯ ತೀರ್ಪೂ ಪೂರ್ವನಿಯತವೇ ಆಗಿತ್ತು. 1619ರ ಮೇ 13ರಂದು ಎಪ್ಪತ್ತೊಂದು ವಯಸ್ಸಿನ ಓಲ್ಡನ್‌ಬಾರ್ನವೆಲ್ಟರ ತಲೆಯನ್ನು ಹೇಗ್ ನಗರದಲ್ಲಿ ಕಡಿಯಲಾಯಿತು. ಆರೋಪಗಳು ರಾಜಕೀಯದವು, ಆದರೆ ಡೋರ್ಟ್ ಸಭೆ ಮುಗಿಯುವ ಹೊತ್ತಿಗೇ ಅದು ನಡೆಯಿತು. ಅರ್ಮಿನಿಯಸ್ ಮತದ ಸುಮಾರು ಇನ್ನೂರು ಪಾದ್ರಿಗಳು ಹುದ್ದೆ ಕಳೆದುಕೊಂಡರು. ಕಾನೂನು ಪಂಡಿತ ಹ್ಯೂಗೋ ಗ್ರೋಷಿಯಸ್ ಅವರಿಗೆ ಜೀವಾವಧಿ ಸೆರೆಯಾಯಿತು. ಅವರ ಪತ್ನಿ ಮರಿಯಾ ಮಾತ್ರ ಸುಮ್ಮನೆ ಕೂರಲಿಲ್ಲ. ಸೆರೆಮನೆಗೆ ಪುಸ್ತಕ ತಂದು ಒಯ್ಯುವ ಪೆಟ್ಟಿಗೆಯೊಳಗೆ 1621ರಲ್ಲಿ ಗಂಡನನ್ನೇ ಮಲಗಿಸಿ ಕೋಟೆಯಿಂದ ಆಚೆ ಸಾಗಿಸಿದರು. ಆ ಗ್ರೋಷಿಯಸ್ ನಾಲ್ಕು ವರ್ಷದ ನಂತರ ಬರೆದ ಗ್ರಂಥ ಅಂತರರಾಷ್ಟ್ರೀಯ ಕಾನೂನಿಗೆ ತಳಹದಿಯಾಯಿತು.

ಕಥೋಲಿಕರಲ್ಲೂ ಇದೇ ಪ್ರಶ್ನೆಗೆ ಡೊಮಿನಿಕನ್ನರಿಗೂ ಜೆಸ್ವಿಟರಿಗೂ ಜಗಳ ಹತ್ತಿತ್ತು. ಪೋಪ್ ನೇಮಿಸಿದ ಸಮಿತಿ ಸುಮಾರು ಹತ್ತು ವರ್ಷ ಕೂತಿತು. 1607ರಲ್ಲಿ ಐದನೆಯ ಪಾಲ್ ಪೋಪ್ ತೀರ್ಪನ್ನೇ ಕೊಡದೆ, ಒಬ್ಬರನ್ನೊಬ್ಬರು ಧರ್ಮಭ್ರಷ್ಟರೆಂದು ಕರೆಯಕೂಡದೆಂದು ಆಜ್ಞೆ ಮಾಡಿ ಕಡತವನ್ನು ಕಟ್ಟಿಟ್ಟರು. ಕಡತ ಕಟ್ಟಿಡುವುದರಿಂದ ಒಳ್ಳೆಯದಾದ ಅಪರೂಪದ ಪ್ರಸಂಗವಿದು.

ಈಗ ದುಡಿಮೆಯ ಮಾತಿಗೆ ಬರುತ್ತೇನೆ. ನಮ್ಮ ಭಾಷಣಕಾರರು ಆಧಾರವಾಗಿ ಹೇಳುವುದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವನ್ನು. ಕ್ಯಾಲ್ವಿನ್ ಪಂಥದವರು ಕಷ್ಟಪಟ್ಟು ದುಡಿದರು, ಉಳಿಸಿದರು, ಅದರಿಂದ ಬಂಡವಾಳಶಾಹಿಗೆ ಬಲ ಬಂತು ಎಂಬಷ್ಟನ್ನೇ ಹೇಳಿ ಬಿಡುತ್ತಾರೆ. ಏಕೆ ದುಡಿದರು ಎಂದು ವೇಬರ್ ಹೇಳಿದ್ದನ್ನು ಹೇಳುವುದಿಲ್ಲ. ಅವರ ಪ್ರಕಾರ ಆ ದುಡಿಮೆಯ ಹಿಂದಿದ್ದದ್ದು ಭಯ. ನಾನು ಆಯ್ಕೆಯಾದವನೋ ತಳ್ಳಲ್ಪಟ್ಟವನೋ ತಿಳಿಯುವ ದಾರಿಯಿಲ್ಲ. ಗುರುವಿಲ್ಲ, ಪ್ರಾಯಶ್ಚಿತ್ತವಿಲ್ಲ, ದೇವರ ತೀರ್ಮಾನ ಬದಲಾಗುವುದಿಲ್ಲ. ಆ ಒಂಟಿತನವನ್ನು ತಾಳಲಾಗದೆ ಜನ ಗುರುತುಗಳನ್ನು ಹುಡುಕತೊಡಗಿದರು. ಕಸುಬಿನಲ್ಲಿ ಎಡೆಬಿಡದೆ ದುಡಿದು ಏಳಿಗೆಯಾದರೆ ಅದು ಕೃಪೆಯ ಗುರುತಿದ್ದೀತು ಎಂದು ಸಮಾಧಾನ ಮಾಡಿಕೊಂಡರು. ಕ್ಯಾಲ್ವಿನ್ ಹೀಗೆ ಕಲಿಸಿರಲಿಲ್ಲ, ಇದು ಅವರ ನಂತರದ ಪಾದ್ರಿಗಳ ಕಾಲದಲ್ಲಿ ಬೆಳೆದದ್ದು. ವೇಬರರ ವಾದವನ್ನು ಒಪ್ಪದ ಇತಿಹಾಸಕಾರರೂ ಬಹಳ ಮಂದಿ ಇದ್ದಾರೆ. ಆದರೆ ವೇಬರರನ್ನು ಸಾಕ್ಷಿಗೆ ಕರೆದವರು ಸಾಕ್ಷಿ ಹೇಳಿದ್ದನ್ನು ಪೂರ್ತಿ ಕೇಳಬೇಕು.

ಇದರ ಪಕ್ಕದಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನಿಲ್ಲಿಸಿ ನೋಡಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂತು. ವೇಬರ್ ಹೇಳುವ ಕ್ಯಾಲ್ವಿನ್ ಪಂಥದ ಗೃಹಿಣಿಯಾಗಿದ್ದರೆ ದೇವರ ಕೃಪೆ ನಮ್ಮ ಮೇಲಿದೆ ಎಂದು ಹೆಚ್ಚಿನದನ್ನು ಗಡಿಗೆಯಲ್ಲಿ ತುಂಬಿಡುತ್ತಿದ್ದಳು. ಲಕ್ಕಮ್ಮ ಅದನ್ನು ಒಯ್ದು ಅಲ್ಲೇ ಸುರಿದು ಬನ್ನಿರೆಂದು ಗಂಡನಿಗೆ ಹೇಳಿದರು. ಹೆಚ್ಚು ಸಿಕ್ಕಿದ್ದು ಅವರಿಗೆ ಕೃಪೆಯ ಗುರುತಾಗಿ ಕಾಣಲಿಲ್ಲ, ಆಸೆಯ ಗುರುತಾಗಿ ಕಂಡಿತು. ಕಾಯಕದ ಜೊತೆಗೆ ದಾಸೋಹವನ್ನು ಕಟ್ಟಿದ್ದು ಇದಕ್ಕೇ. ಗಳಿಕೆ ಎಲ್ಲಿಯೂ ನಿಂತು ಗುರುತಾಗಬಾರದು, ಹರಿದುಹೋಗಬೇಕು. ಶರಣರಿಗೆ ತಾವು ಶಿವನಿಗೆ ಬೇಕಾದವರೋ ಬೇಡವಾದವರೋ ಎಂಬ ಪ್ರಶ್ನೆಯೇ ಇರಲಿಲ್ಲ. ಇಷ್ಟಲಿಂಗ ಎಲ್ಲರ ಅಂಗೈಗೂ ಬಂದಿತ್ತು.

ಹಾಗಾದರೆ ನಾವು ಇಂದು ಏನು ಮಾಡುತ್ತಿದ್ದೇವೆ? ದೊಡ್ಡ ದೇಣಿಗೆ ಕೊಟ್ಟವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಇವರ ಮೇಲೆ ಗುರುಕೃಪೆ ಅಪಾರವಾಗಿದೆ, ಅದಕ್ಕೇ ಈ ಸಂಪತ್ತು ಎನ್ನುತ್ತೇವೆ. ಕೆಳಗೆ ಚಾಪೆಯ ಮೇಲೆ ಕೂತ ಕೂಲಿಯವನಿಗೆ ಇದರಿಂದ ಅರ್ಥವಾಗುವುದೇನು? ತನ್ನ ಮೇಲೆ ಕೃಪೆ ಕಡಿಮೆ ಎಂದು ತಾನೆ? ಉಳ್ಳವರನ್ನು ಕಂಡರೆ ಪಡೆದು ಬಂದವರು ಎನ್ನುವುದು, ಇಲ್ಲದವರನ್ನು ಕಂಡರೆ ಹಣೆಬರಹ ಎನ್ನುವುದು ನಮ್ಮ ಮನೆಮನೆಯ ಮಾತು. ಕೊರಳಲ್ಲಿ ಲಿಂಗ, ಕೈಯಲ್ಲಿ ಜಾತಕ! ಕ್ಯಾಲ್ವಿನ್ನರ ಭಯಂಕರ ಸಂಕಲ್ಪವನ್ನು ನಾವು ಅವರಷ್ಟು ಪ್ರಾಮಾಣಿಕತೆಯೂ ಇಲ್ಲದೆ ಒಪ್ಪಿಕೊಂಡಿದ್ದೇವೆ.

ಆಯ್ಕೆಯಾದವರೆಂಬ ಭಾವನೆ ಹುಟ್ಟಿಗೆ ಅಂಟಿಕೊಂಡರೆ ಏನಾಗುತ್ತದೆಂಬುದಕ್ಕೆ ದಕ್ಷಿಣ ಆಫ್ರಿಕ ನೋಡಬೇಕು. ಡೋರ್ಟ್ ಸಭೆಯ ನಿರ್ಣಯಗಳನ್ನು ತನ್ನ ಧರ್ಮಸೂತ್ರವಾಗಿ ಇಟ್ಟುಕೊಂಡ ಡಚ್ ರಿಫಾರ್ಮ್ಡ್ ಸಭೆ ಅಲ್ಲಿ ಬಿಳಿಯರದ್ದಾಗಿತ್ತು. ಕರಿಯರು ಬೇರೆ ಕೂತು ಪ್ರಭುಭೋಜನ ಪಡೆಯಲಿ, ಕೆಲವರ ದೌರ್ಬಲ್ಯದ ದೃಷ್ಟಿಯಿಂದ ಅದು ಆಗಬಹುದು ಎಂದು 1857ರಲ್ಲಿ ಆ ಸಭೆ ನಿರ್ಣಯಿಸಿತು. ಪಂಕ್ತಿಭೇದವೆಂದರೆ ಏನೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 1881ರ ಹೊತ್ತಿಗೆ ಬೇರೆ ಬಣ್ಣದವರಿಗೆ ಬೇರೆ ಸಭೆಯೇ ಆಯಿತು. ಇದಕ್ಕೆಲ್ಲ ಪೂರ್ವನಿಯತಿಯೊಂದೇ ಕಾರಣವೆಂದರೆ ಅನ್ಯಾಯವಾದೀತು. ಭೂಮಿಯ ಆಸೆ, ಗುಲಾಮಗಿರಿಯ ರೂಢಿ ಎಲ್ಲವೂ ಇದ್ದವು. ಯಾರ ಅರ್ಹತೆಯನ್ನೂ ನೋಡದೆ ದೇವರು ಆರಿಸುತ್ತಾನೆ ಎಂಬ ಮಾತು ವಿನಯ ಕಲಿಸಬೇಕಿತ್ತು, ನಾವೇ ಆರಿಸಲ್ಪಟ್ಟವರು ಎಂಬ ಗರ್ವಕ್ಕೆ ಅದು ಅಡ್ಡಬರಲಿಲ್ಲ ಎಂಬುದಷ್ಟೇ ನನ್ನ ಮಾತು. ಅದನ್ನು ಎದುರಿಸಿದವರೂ ಅದೇ ಪರಂಪರೆಯವರು. 1982ರಲ್ಲಿ ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟ ಒಟ್ಟಾವಾದಲ್ಲಿ ಸೇರಿ ವರ್ಣಭೇದವನ್ನು ಸಮರ್ಥಿಸುವುದು ಧರ್ಮದ್ರೋಹವೆಂದು ಸಾರಿತು. ದಕ್ಷಿಣ ಆಫ್ರಿಕದ ಅಲನ್ ಬುಸಾಕ್ ಆ ಸಭೆಯಲ್ಲೇ ಅಧ್ಯಕ್ಷರಾಗಿ ಆಯ್ಕೆಯಾದರು. ನಮ್ಮಲ್ಲಿ ದೀಕ್ಷೆಯಾದೊಡನೆ ಪೂರ್ವಾಶ್ರಯ ಅಳಿಯುತ್ತದೆ, ಹಿಂದಿನ ಕುಲವನ್ನು ಕೇಳಕೂಡದು ಎಂಬುದು ಹನ್ನೆರಡನೆಯ ಶತಮಾನದ ಕಟ್ಟಳೆ. ಇಂದು ಮದುವೆಯ ಮಾತುಕತೆಯಲ್ಲಿ ಒಳಪಂಗಡ ಕೇಳದ ಮನೆಗಳೆಷ್ಟಿವೆ ಎಂದು ಓದುಗರೇ ಎಣಿಸಲಿ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಶರಣರೂ ತಮ್ಮಿಂದ ಏನೂ ಆಗದು, ಎಲ್ಲವೂ ನಿನ್ನ ಕರುಣೆ ಎಂದು ಮೊರೆಯಿಟ್ಟಿಲ್ಲವೆ? ಇಟ್ಟಿದ್ದಾರೆ. ಬಸವಣ್ಣನವರ ವಚನಗಳಲ್ಲಿ ಮನಸ್ಸಿನ ಚಾಂಚಲ್ಯದ ಬಗ್ಗೆ ಬರುವ ಸಂಕಟ ಆಗಸ್ಟೀನರ ಸಂಕಟಕ್ಕೆ ದೂರದ್ದಲ್ಲ. ಸೊನ್ನಲಿಗೆಯ ಸಿದ್ಧರಾಮರ ಕಥೆಯನ್ನೂ ನೆನೆಯಬೇಕು. ಅವರು ಕೆರೆ ಕಟ್ಟಿಸಿದವರು, ದೇಗುಲ ಕಟ್ಟಿಸಿದವರು. ನಮ್ಮಂಥ ಕಟ್ಟಡದ ಕಸುಬಿನವರಿಗೆ ಆದಿಪುರುಷರಿದ್ದಂತೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಬಂದು ಆ ಪುಣ್ಯಕಾರ್ಯದ ಹೆಮ್ಮೆಯನ್ನೇ ಕೆಣಕುತ್ತಾರೆ. ಕೆರೆಯಿಂದ ಮೋಕ್ಷ ಕೊಳ್ಳಲಾಗದು ಎಂಬಷ್ಟರ ಮಟ್ಟಿಗೆ ಅಲ್ಲಮರೂ ಲೂಥರರೂ ಒಂದೇ ಕಡೆ ನಿಲ್ಲುತ್ತಾರೆ. ಆದರೆ ಅಲ್ಲಮರು ಸಿದ್ಧರಾಮರಿಗೆ ನಿನ್ನ ಕೈಯಲ್ಲಿ ಏನೂ ಇಲ್ಲ ಎನ್ನಲಿಲ್ಲ. ಕಲ್ಯಾಣಕ್ಕೆ ಕರೆದುಕೊಂಡು ಹೋದರು. ಕರುಣೆಯನ್ನು ಬೇಡುವುದಕ್ಕೂ, ಕರುಣೆ ಯಾರಿಗೆಂದು ಪಟ್ಟಿ ಮೊದಲೇ ಮುಗಿದಿದೆ ಎನ್ನುವುದಕ್ಕೂ ಅಂತರವಿದೆ. ಪಟ್ಟಿ ಮುಗಿದಿದ್ದರೆ ಬೇಡುವ ಅಗತ್ಯವೇ ಇರದು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ಮಾಡಿಸಿ ಪ್ರಾಣ ತೆತ್ತವರು, ಆಗುವುದು ಆಗಿಯೇ ತೀರುತ್ತದೆ ಎಂದು ಕೂತಿದ್ದರೆ ಅಂಥ ಮದುವೆ ಯಾವ ಸಂಕಲ್ಪದಿಂದಲೂ ಆಗುತ್ತಿರಲಿಲ್ಲ.

ಕ್ರೈಸ್ತ ಲೋಕದಿಂದ ಹೋಲಿಕೆ ಬೇಕೇ ಬೇಕೆನ್ನುವ ನಮ್ಮ ಯುವ ಭಾಷಣಕಾರರಿಗೆ ಬೇರೊಂದು ಹೆಸರು ಸೂಚಿಸುತ್ತೇನೆ: ವಿಲಿಯಂ ಕೇರಿ. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು, ಮಾದಾರ ಚೆನ್ನಯ್ಯ ಹರಳಯ್ಯನವರ ಕಸುಬಿನವರು. ಪೂರ್ವನಿಯತಿಯನ್ನು ನಂಬುವ ಬ್ಯಾಪ್ಟಿಸ್ಟ್ ಸಭೆಗೆ ಸೇರಿದವರು, ಕೊನೆಯವರೆಗೂ ಅದನ್ನು ಬಿಡಲಿಲ್ಲ. ಆ ಕಾಲದ ಅವರ ಪಂಥದ ಹಲವು ಪಾದ್ರಿಗಳು, ಯಾರು ನಂಬಬೇಕೆಂದು ದೇವರೇ ನಿರ್ಧರಿಸಿರುವಾಗ ಜನರಿಗೆ ಹೋಗಿ ಬೋಧಿಸುವುದೇಕೆ ಎನ್ನುತ್ತಿದ್ದರು. 1792ರಲ್ಲಿ ಕೇರಿ ಒಂದು ಸಣ್ಣ ಪುಸ್ತಕ ಬರೆದು, ಸಾಧನಗಳನ್ನು ಬಳಸುವುದು ಮನುಷ್ಯನ ಕರ್ತವ್ಯ ಎಂದು ವಾದಿಸಿದರು. ಅದರ ಶೀರ್ಷಿಕೆಯಲ್ಲೇ ಆ ಮಾತಿದೆ. ಅವರ ಮತಪ್ರಚಾರದ ಉದ್ದೇಶ ನಮಗೆ ಒಪ್ಪಿಗೆಯಾಗಬೇಕಿಲ್ಲ. ಆದರೆ ಎಲ್ಲವೂ ಬರೆದಾಗಿದೆ ಎಂದು ಕೈಕಟ್ಟಿ ಕೂತವರ ನಡುವೆ ಎದ್ದು ಕೆಲಸಕ್ಕೆ ಹೊರಟ ಒಬ್ಬ ಕಾಯಕದವರನ್ನು ಗುರುತಿಸಲು ಕಷ್ಟವೇನಿಲ್ಲ. ಮರುವರ್ಷ ಬಂಗಾಳಕ್ಕೆ ಬಂದರು, ಶ್ರೀರಾಂಪುರದಲ್ಲಿ ನೆಲೆಸಿ ನಮ್ಮ ದೇಶದ ಭಾಷೆಗಳನ್ನು ಒಂದೊಂದಾಗಿ ಕಲಿತರು. ಕನ್ನಡವನ್ನೂ ಬಿಡಲಿಲ್ಲ. ಅವರು ಬರೆದ ಕರ್ನಾಟಕ ಭಾಷೆಯ ವ್ಯಾಕರಣ ಅಲ್ಲಿಯ ಅಚ್ಚುಕೂಟದಿಂದ 1817ರಲ್ಲಿ ಹೊರಬಂತು.